ಪ್ಯಾಕೇಜಿಗೆ ರಿವರ್ಸ್ ಗೇರ್ ಇಲ್ಲ: ಡೆಬಿಯನ್ ಮೇಂಟೇನರ್ ಆಗಿ ನನ್ನ ಅನುಭವ

ನಾನು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪ್ಯಾಕೇಜ್ (ಇನ್‌ಸ್ಟಾಲ್ ಮಾಡೋಕೆ ರೆಡಿ ಮಾಡಿಟ್ಟ ಸಾಫ್ಟ್‌ವೇರ್) ನೋಡ್ಕೊಳ್ಳೋಕೆ, ಅಂದ್ರೆ ಮೇಂಟೇನರ್ ಆಗೋಕೆ, ಶುರು ಮಾಡಿದ್ದು ದೊಡ್ಡ ಆದರ್ಶ ಇಟ್ಕೊಂಡೇನಲ್ಲ. ದಿನಾ ಬಳಸ್ತಿದ್ದ ಒಂದು ಚಿಕ್ಕ ಟೂಲ್ ಇತ್ತು, ಸಿ ಭಾಷೇಲಿ ಬರೆದಿದ್ದು, ಲಾಗ್ ಫೈಲ್ ಓದಿ ಲೆಕ್ಕ ಹಾಕಿ ಕೊಡುತ್ತೆ ಅಷ್ಟೇ, ಹೊಸ ಮಷೀನಲ್ಲಿ ಇನ್‌ಸ್ಟಾಲ್ ಮಾಡೋಕೆ ಹೋದ್ರೆ ಟೆಸ್ಟಿಂಗ್‌ನಲ್ಲಿ, ಅಂದ್ರೆ ಮುಂದಿನ ಸ್ಟೇಬಲ್ (ಅಧಿಕೃತ ಬಿಡುಗಡೆ) ಆಗೋಕೆ ತಯಾರಾಗ್ತಿರೋ ಡೆಬಿಯನ್‌ನಲ್ಲಿ, ಅದು ಇಲ್ವೇ ಇಲ್ಲ. ಯಾಕಪ್ಪಾ ಅಂತ ಹುಡುಕಿದ್ರೆ ಹಳೇ ಮೇಂಟೇನರ್ ಯಾವತ್ತೋ ಕೈ ಬಿಟ್ಟಿದಾರೆ, ಪ್ಯಾಕೇಜ್ ಆರ್ಫನ್ (ನೋಡ್ಕೊಳ್ಳೋರಿಲ್ಲದ) ಲಿಸ್ಟ್‌ನಲ್ಲಿ ಕೂತಿದೆ, 2020ರಲ್ಲಿ ಸಿ ಕಂಪೈಲರ್ ಜಿಸಿಸಿ 10 ಬಂದ್ಮೇಲೆ ಅದು ಸೋರ್ಸ್ ಕೋಡಿಂದ ಬಿಲ್ಡೇ ಆಗ್ತಿಲ್ಲ. ಬಿಲ್ಡ್ ಆಗದ ಪ್ಯಾಕೇಜ್ ಮೇಲೆ ಸೀರಿಯಸ್ ಬಗ್ ಬೀಳುತ್ತೆ, ಅದನ್ನ ಯಾರೂ ಮುಟ್ಟದೇ ಇದ್ರೆ ಸ್ವಲ್ಪ ದಿನಕ್ಕೆ ಟೆಸ್ಟಿಂಗ್‌ನಿಂದ ತಾನಾಗೇ ಆಚೆ ಹಾಕ್ತಾರೆ.

ಬಗ್ ಏನು ಅಂತ ನೋಡಿದ್ರೆ ನಗು ಬಂತು. ಹೆಡರ್ ಫೈಲ್‌ನಲ್ಲಿ ಒಂದು ಗ್ಲೋಬಲ್ ವೇರಿಯಬಲ್‌ನ 'ಎಕ್ಸ್‌ಟರ್ನ್' (ಇದು ಬೇರೆ ಕಡೆ ಇದೆ ಅಂತ ಹೇಳೋ ಪದ) ಇಲ್ದೆ ಬರೆದಿದ್ರು. ಹಳೇ ಜಿಸಿಸಿ ಇದನ್ನ ನೋಡಿಯೂ ನೋಡದ ಹಾಗೆ ಬಿಟ್ಬಿಡ್ತಿತ್ತು, ಹತ್ತನೇ ವರ್ಷನ್‌ನಿಂದ ಡೀಫಾಲ್ಟ್ ಬದಲಾಯ್ತು, ಕೋಡ್ ತುಂಡುಗಳನ್ನ ಜೋಡಿಸೋ ಲಿಂಕರ್ 'ಒಂದೇ ಹೆಸರು ಹತ್ತು ಕಡೆ ಇದೆ' ಅಂತ ಗಲಾಟೆ ಶುರು ಮಾಡ್ತು. ಒಂದು ಪದ ಸೇರಿಸಿದೆ, ಬಿಲ್ಡ್ ಆಯ್ತು. ಇಷ್ಟೇನಾ, ವರ್ಷಕ್ಕೆ ಅರ್ಧ ದಿನದ ಕೆಲಸ ಅಂದ್ಕೊಂಡು ಆರ್ಫನ್ ಬಗ್‌ನ ಟೈಟಲ್ ಬದಲಾಯಿಸಿ 'ನಾನು ತಗೋತೀನಿ' ಅಂತ ಹಾಕ್ಬಿಟ್ಟೆ. ಅಲ್ಲಿಗೆ ಸಿಕ್ಕಾಕೊಂಡೆ ಅನ್ನಿ.

ಹೊಸಬರಿಗೆ ನೇರ ಅಪ್‌ಲೋಡ್ ಮಾಡೋ ಹಕ್ಕಿರಲ್ಲ, ಒಬ್ಬ ಡೆಬಿಯನ್ ಡೆವಲಪರ್ ಸ್ಪಾನ್ಸರ್ ಆಗ್ಬೇಕು, ಅಂದ್ರೆ ನಮ್ಮ ಕೆಲಸ ಪರೀಕ್ಷೆ ಮಾಡಿ ತಮ್ಮ ಸಹಿ ಹಾಕಿ ಕಳಿಸ್ಬೇಕು. ನನಗೆ ಸಿಕ್ಕವರು ಒಳ್ಳೆಯವರು, ಆದ್ರೆ ಮೊದಲನೇ ಸಲ ವಾಪಸ್ ಕಳಿಸಿದ ಪಟ್ಟಿ ನೋಡಿ ತಲೆ ಮೇಲೆ ಕೈ ಇಟ್ಕೊಂಡು ಕೂತೆ. ಕೋಡ್ ಬಗ್ಗೆ ಒಂದೇ ಒಂದು ಮಾತಿತ್ತು ಅದ್ರಲ್ಲಿ. ಉಳಿದಿದ್ದೆಲ್ಲಾ ಕಾಪಿರೈಟ್ ಫೈಲ್ ಬಗ್ಗೆ. ಸೋರ್ಸ್ ಒಳಗೆ ಒಂದು ಹ್ಯಾಶ್ ಫಂಕ್ಷನ್ ಫೈಲ್ ಬೇರೆ ಯಾರೋ ಬರೆದಿದ್ದು, ಲೈಸೆನ್ಸೂ ಬೇರೆ, ನಾನು ಎಲ್ಲದಕ್ಕೂ ಸೇರಿಸಿ ಒಂದೇ ಹೆಸರು ಹಾಕಿದ್ದೆ. ಡೆಬಿಯನ್ ಫೋಲ್ಡರ್‌ನಲ್ಲಿ ರೂಲ್ಸ್ ಅನ್ನೋ ಫೈಲ್ ಈಗ ಡೆಬ್‌ಹೆಲ್ಪರ್ ಅನ್ನೋ ಟೂಲ್‌ನ ದಯೆಯಿಂದ ಮೂರು ಸಾಲು, ಬಿಲ್ಡ್ ಎಲ್ಲಾ ಅದೇ ನೋಡ್ಕೊಳ್ಳುತ್ತೆ. ಕಾಪಿರೈಟ್ ಫೈಲ್ ಮಾತ್ರ ಒಂದೊಂದು ಫೈಲ್ ತೆಗೆದು ಕಣ್ಣಾರೆ ಓದಿಯೇ ಬರೀಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಆಮೇಲೆ ಬಂತು ವರ್ಷನ್ ನಂಬರ್ ಕಥೆ. ನಮ್ಮ ಟೂಲ್‌ಗೆ ಮೊದಲಿನ ಲೇಖಕರು ತಾರೀಕನ್ನೇ ವರ್ಷನ್ ಮಾಡಿದ್ರು, 20150311 ಅಂತ. ಅಪ್‌ಸ್ಟ್ರೀಮ್‌ನಲ್ಲಿ, ಅಂದ್ರೆ ಮೂಲ ಟೂಲ್ ಬರೆಯೋರ ಕಡೆ, ಹೊಸಬರು ಬಂದ್ರು, ಉತ್ಸಾಹದಿಂದ ಎಲ್ಲಾ ಕ್ಲೀನ್ ಮಾಡಿ 1.0 ಅಂತ ರಿಲೀಸ್ ಮಾಡಿದ್ರು. ಮನುಷ್ಯರಿಗೆ 1.0 ಹೊಸದು, ಆದ್ರೆ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಡಿಪಿಕೆಜಿಗೆ ಲೆಕ್ಕ ಅಂದ್ರೆ ಲೆಕ್ಕ, ಎರಡು ಕೋಟಿ ಚಿಲ್ಲರೆ ಮುಂದೆ ಒಂದು ಯಾವ ಲೆಕ್ಕ? ನಾನು ಹಾಗೇ ಕಳಿಸಿದ್ರೆ ಯಾರಿಗೂ ಅಪ್‌ಗ್ರೇಡ್ ಆಗೋದೇ ಇಲ್ಲ, ಡೆಬಿಯನ್‌ನ ಪ್ಯಾಕೇಜ್ ಭಂಡಾರ ಆರ್ಕೈವ್ ಕೂಡ ಇರೋದಕ್ಕಿಂತ ಕಮ್ಮಿ ನಂಬರ್ ತಗೊಳ್ಳಲ್ಲ. ಇದಕ್ಕೆ ಇರೋ ಮದ್ದು ಎಪೋಕ್, ನಂಬರ್ ಮುಂದೆ ಒಂದು ಅಂಕಿ ಮತ್ತೆ ಕೋಲನ್, 1:1.0 ಅಂತ. ಎಪೋಕ್ ದೊಡ್ಡದಿದ್ರೆ ಮುಂದಿನದನ್ನ ಡಿಪಿಕೆಜಿ ನೋಡೋದೇ ಇಲ್ಲ.

ಕೇಳೋಕೆ ಸುಲಭ, ಆದ್ರೆ ಹಾಕೋ ಮುಂಚೆ ಬೇರೆ ಡೆವಲಪರ್‌ಗಳ ಹತ್ರ ಕೇಳ್ಬೇಕು ಅಂತ ರೂಲೇ ಇದೆ, ಯಾಕಂದ್ರೆ ಒಂದ್ಸಲ ಹಾಕಿದ ಎಪೋಕ್ ತೆಗೆಯೋಕಾಗಲ್ಲ. ಆ ಪ್ಯಾಕೇಜ್ ಇರೋ ತನಕ ಅದು ಇರುತ್ತೆ. ಇನ್ನೊಂದು ಕಿರಿಕಿರಿ ಏನಂದ್ರೆ ನನ್ನ ಪ್ಯಾಕೇಜ್ ಮೇಲೆ ಡಿಪೆಂಡ್ ಆಗೋ ಬೇರೆ ಮೇಂಟೇನರ್ '1.2 ಅಥವಾ ಅದಕ್ಕಿಂತ ಹೊಸದು ಬೇಕು' ಅಂತ ಬರೀವಾಗ ಎಪೋಕ್ ಮರೆತ್ರೆ ಸಾಕು, ಆ ಷರತ್ತಿಗೆ ಅರ್ಥವೇ ಇರಲ್ಲ, 1:1.0 ಕೂಡ ಅದನ್ನ ಪಾಸ್ ಮಾಡುತ್ತೆ, ಯಾರಿಗೂ ಎರರ್ ಬರಲ್ಲ, ರನ್ ಮಾಡಿದಾಗ ಮಾತ್ರ ಮುಗ್ಗರಿಸುತ್ತೆ. ಹಳೇ ಮೇಂಟೇನರ್ ಅವತ್ತೇ 0~20150311 ಅಂತ ಹಾಕಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ, ಅದು ಯಾವ 1.0ಗಿಂತಲೂ ಕಮ್ಮಿ. ಅವರನ್ನ ಬೈದ್ಕೊಂಡೆ, ಆಮೇಲೆ ನಾನು ಮಾಡಿದ್ದು ನೆನೆಸ್ಕೊಂಡ್ರೆ ಬೈಯೋ ಹಕ್ಕು ನನಗಿಲ್ಲ.

ನಾನೇನ್ಮಾಡಿದೆ ಅಂದ್ರೆ, ಟೂಲ್‌ನ ಡೇಟಾ ಫೈಲ್‌ಗಳು ಎಲ್ಲಾ ಆರ್ಕಿಟೆಕ್ಚರ್‌ಗೂ (ಪ್ರೊಸೆಸರ್ ಜಾತಿಗೂ) ಒಂದೇ ಅಲ್ವಾ, ಸುಮ್ನೆ ಎಲ್ಲದರಲ್ಲೂ ಯಾಕೆ ಅಂತ ಅವನ್ನ 'ಕಾಮನ್' ಅನ್ನೋ ಬೇರೆ ಪ್ಯಾಕೇಜಿಗೆ ಎತ್ತಿ ಹಾಕಿದೆ. ಕ್ಲೀನ್ ಚ್ರೂಟ್‌ನಲ್ಲಿ (ಬೇರೇನೂ ಇಲ್ಲದ ಪ್ರತ್ಯೇಕ ಡೆಬಿಯನ್ ಜಾಗದಲ್ಲಿ) ಬಿಲ್ಡ್ ಮಾಡಿದೆ, ಇನ್‌ಸ್ಟಾಲ್ ಮಾಡಿದೆ, ಪ್ಯಾಕೇಜ್ ತಪ್ಪು ಹುಡುಕೋ ಲಿಂಟಿಯನ್ ಕೂಡ ತೆಪ್ಪಗಿತ್ತು, ಅಪ್‌ಲೋಡ್ ಆಯ್ತು. ಮಾರನೇ ದಿನ ಬೆಳಗ್ಗೆ ಮೇಲ್ ತೆಗೆದ್ರೆ ಸೀರಿಯಸ್ ಬಗ್: 'ಅಪ್‌ಗ್ರೇಡ್ ಆಗ್ತಿಲ್ಲ, ಡಿಪಿಕೆಜಿ ಮಧ್ಯದಲ್ಲೇ ನಿಂತಿದೆ.' ಹೊಸ ಕಾಮನ್ ಪ್ಯಾಕೇಜ್ ಒಂದು ಫೈಲ್ ಬಿಚ್ಚೋಕೆ ಹೋಗುತ್ತೆ, ಅದೇ ಫೈಲ್ ಹಳೇ ಮೇನ್ ಪ್ಯಾಕೇಜ್ ಹೆಸರಲ್ಲಿ ಡಿಸ್ಕ್ ಮೇಲೆ ಆಗ್ಲೇ ಇದೆ, ಬೇರೆಯವರ ಫೈಲ್ ಮೇಲೆ ಬರೆಯಲ್ಲ ಅಂತ ಡಿಪಿಕೆಜಿ ಹಠ ಹಿಡಿಯುತ್ತೆ. ಅದರದ್ದು ಸರೀನೇ. ನಾನು ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡಿದ್ನೇ ಹೊರತು ಹಳೇದರ ಮೇಲೆ ಹೊಸದು ಹಾಕಿ ನೋಡಿರ್ಲಿಲ್ಲ. ಎರಡೇ ಸಾಲು ಬೇಕಿತ್ತು ಕಂಟ್ರೋಲ್ ಫೈಲ್‌ನಲ್ಲಿ, ಬ್ರೇಕ್ಸ್ ಒಂದು, ರಿಪ್ಲೇಸಸ್ ಒಂದು, 'ಇಂಥ ವರ್ಷನ್‌ಗಿಂತ ಹಳೇ ಮೇನ್ ಪ್ಯಾಕೇಜ್‌ನಿಂದ ನಾನು ಫೈಲ್ ತಗೊಂಡಿದೀನಿ' ಅಂತ ಹೇಳೋಕೆ. ಪಿಯುಪಾರ್ಟ್ಸ್ ಅಂತ ಒಂದು ಟೂಲ್ ಇದನ್ನೇ ಪರೀಕ್ಷೆ ಮಾಡುತ್ತೆ, ಅದನ್ನ ಓಡಿಸೋಕೆ ನನಗೆ ಸೋಮಾರಿತನ. ಆ ಎರಡು ಸಾಲನ್ನೂ ಬೇಗ ತೆಗೆಯೋ ಹಾಗಿಲ್ಲ, ಜನ ಒಂದು ಸ್ಟೇಬಲ್‌ನಿಂದ ಮುಂದಿನ ಸ್ಟೇಬಲ್‌ಗೆ ಹಾರ್ತಾರೆ, ಮಧ್ಯದ ನನ್ನ ವರ್ಷನ್‌ಗಳನ್ನ ಅವರು ನೋಡೇ ಇರಲ್ಲ.

ನನ್ನ ಮಷೀನಲ್ಲಿ ಓಡುತ್ತೆ ಅನ್ನೋ ಮಾತು ಬಿಟ್ಟಿದ್ದು 1.2 ಬಂದಾಗ. ನನ್ನ ಲ್ಯಾಪ್‌ಟಾಪಲ್ಲಿ ಟೆಸ್ಟ್ ಎಲ್ಲಾ ಒಂದು ಸೆಕೆಂಡಿಗೆ ಪಾಸ್. ಡೆಬಿಯನ್‌ನ ಬಿಲ್ಡ್ ಸರ್ವರ್‌ಗಳಲ್ಲಿ ಆರ್ಮ್64 ಮತ್ತೆ ಎಸ್390ಎಕ್ಸ್ ಅನ್ನೋ ಬೇರೆ ಜಾತಿ ಪ್ರೊಸೆಸರ್‌ನವು ಎರಡೂ ಟೆಸ್ಟ್ ಶುರುವಾದ ಮೇಲೆ ಉಸಿರೇ ಎತ್ತಲ್ಲ, 150 ನಿಮಿಷ ಏನೂ ಔಟ್‌ಪುಟ್ ಇಲ್ಲ ಅಂತ ಕೊನೆಗೆ ಕಿಲ್ ಆಗುತ್ತೆ. ಎರಡು ಸಂಜೆ ಹೋಯ್ತು ಅದಕ್ಕೆ. ಫೈಲ್‌ನಿಂದ ಒಂದೊಂದೇ ಅಕ್ಷರ ಓದೋ ಲೂಪ್, ಓದಿದ್ದನ್ನ 'ಚಾರ್' ವೇರಿಯಬಲ್‌ನಲ್ಲಿ ಇಟ್ಕೊಂಡು ಇಒಎಫ್ (ಫೈಲ್ ಮುಗೀತು ಅನ್ನೋ ಗುರುತು) ಬಂತಾ ಅಂತ ಕೇಳುತ್ತೆ. ಇಒಎಫ್ ಅಂದ್ರೆ ಮೈನಸ್ ಒಂದು. ಇಂಟೆಲ್ ಮಷೀನಲ್ಲಿ ಚಾರ್‌ಗೆ ಮೈನಸ್ ಚಿಹ್ನೆ ಉಂಟು, ಆರ್ಮ್, ಎಸ್390ಎಕ್ಸ್‌ನಲ್ಲಿ ಇಲ್ಲ, ಅಲ್ಲಿ ಅದು 255 ಆಗಿ ಕೂರುತ್ತೆ, ಫೈಲ್ ಮುಗಿದ್ರೂ ಲೂಪ್ ಮುಗಿಯಲ್ಲ. 'ಚಾರ್' ಅಳಿಸಿ 'ಇಂಟ್' ಅಂತ ಬರೆದೆ.

ಆ ಪ್ಯಾಚ್ ನನ್ನ ಹತ್ರಾನೇ ಇಟ್ಕೊಂಡು ಸುಮ್ನಿರಬಹುದಿತ್ತು, ಆದ್ರೆ ಅಪ್‌ಸ್ಟ್ರೀಮ್‌ಗೆ ಕಳಿಸಿದೆ, ಎರಡು ತಿಂಗಳು ಕಾದೆ, ತಗೊಂಡ್ರು. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ. ಕಾರಣ ಓಪನ್‌ಎಸ್‌ಎಸ್‌ಎಲ್, ಗುಪ್ತ ಕೀಗಳನ್ನ ಹುಟ್ಟಿಸೋ ಲೈಬ್ರರಿ. 2006ರಲ್ಲಿ ಡೆಬಿಯನ್ ಪ್ಯಾಕೇಜಲ್ಲಿ ಮೆಮೊರಿ ತಪ್ಪು ಹುಡುಕೋ ವ್ಯಾಲ್‌ಗ್ರೈಂಡ್ ವಾರ್ನಿಂಗ್ ಕೊಡುತ್ತೆ ಅಂತ ಕೆಲವು ಸಾಲು ಕಾಮೆಂಟ್ ಮಾಡಿ ನಿಷ್ಕ್ರಿಯ ಮಾಡಿದ್ರು, ರ‍್ಯಾಂಡಮ್ ನಂಬರ್‌ಗೆ ಬೇಕಾದ ಕಚ್ಚಾ ಸಾಮಗ್ರಿ ಎಲ್ಲಾ ಅದರ ಜೊತೆ ಹೋಯ್ತು, ಉಳಿದಿದ್ದು ಪ್ರೋಸೆಸ್ ಐಡಿ (ಓಡ್ತಿರೋ ಪ್ರೋಗ್ರಾಮಿನ ನಂಬರ್) ಒಂದೇ, ಅಂದ್ರೆ ಹೆಚ್ಚಂದ್ರೆ 32,768 ಸಾಧ್ಯತೆ. 2008ರ ಮೇ ತಿಂಗಳ ತನಕ ಯಾರಿಗೂ ಗೊತ್ತಾಗ್ಲಿಲ್ಲ. ಪ್ಯಾಕೇಜ್ ಸರಿ ಮಾಡಿದ್ರೂ ಅಷ್ಟರಲ್ಲಿ ಹುಟ್ಟಿದ್ದ ಕೀಗಳು ಸರಿ ಹೋಗ್ಲಿಲ್ಲ, ಒಂದೊಂದನ್ನೂ ಹುಡುಕಿ ಎಸೀಬೇಕಾಯ್ತು.

ಇನ್ನು 2024ರ ಮಾರ್ಚ್ 29, ಎಕ್ಸ್‌ಝಡ್: ಫೈಲ್ ಕುಗ್ಗಿಸೋ ಈ ಟೂಲ್ ಒಳಗೆ ಯಾರೋ ಬ್ಯಾಕ್‌ಡೋರ್ (ಕಳ್ಳಬಾಗಿಲು) ಇಟ್ಟಿದ್ದು ಬಯಲಾದ ದಿನ. ಅವತ್ತು ರಾತ್ರಿ ನಿದ್ದೆ ಮಾಡಿದ ಮೇಂಟೇನರ್ ಕಮ್ಮಿ ಅಂದ್ಕೊತೀನಿ. ಎಸ್‌ಎಸ್‌ಎಚ್ (ದೂರದ ಮಷೀನಿಗೆ ಹೋಗೋ) ಲಾಗಿನ್ ಅರ್ಧ ಸೆಕೆಂಡ್ ನಿಧಾನ ಯಾಕಾಯ್ತು ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಡೆವಲಪರ್ ಬೆನ್ನು ಹತ್ತದೇ ಇದ್ದಿದ್ರೆ ಆ ಬ್ಯಾಕ್‌ಡೋರ್ ಸ್ಟೇಬಲ್ ತನಕ ಹೋಗ್ತಿತ್ತೇನೋ. ನನಗೆ ಎದೆ ಝಲ್ ಅಂದಿದ್ದು ಬೇರೆ ಕಾರಣಕ್ಕೆ: ಅದನ್ನ ಎಚ್ಚರ ಮಾಡೋ ಸ್ಕ್ರಿಪ್ಟ್ ಸಾಲು ಗಿಟ್‌ನಲ್ಲಿ (ಕೋಡ್ ಬದಲಾವಣೆ ಎಲ್ಲಾ ದಾಖಲಾಗೋ ಕಡೆ) ಇರ್ಲಿಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಬಿಡುಗಡೆಗೆ ಕಟ್ಟಿದ ಸೋರ್ಸ್ ಗಂಟಿನಲ್ಲಿ) ಮಾತ್ರ ಇತ್ತು. ನಾನು ಅಷ್ಟು ವರ್ಷ ಓದ್ತಿದ್ದಿದ್ದು ಗಿಟ್‌ನ ಡಿಫ್, ಪ್ಯಾಕೇಜ್ ಮಾಡ್ತಿದ್ದಿದ್ದು ಟಾರ್‌ಬಾಲ್. ಓದಿದ್ದೇ ಒಂದು, ಕಳಿಸಿದ್ದೇ ಒಂದು. ಈಗ ಗಿಟ್ ಟ್ಯಾಗ್‌ನಿಂದಲೇ ಸೋರ್ಸ್ ತಗೋತೀನಿ. ಅವತ್ತು ಡೆಬಿಯನ್ ಹಳೇ 5.4.5ಕ್ಕೆ ವಾಪಸ್ ಹೋಗ್ಬೇಕಿತ್ತಲ್ಲ, ನಂಬರ್ ಇಳಿಸೋಕಾಗಲ್ವಲ್ಲ, ಅದಕ್ಕೆ 5.6.1+ರಿಯಲಿ5.4.5-1 ಅಂತ ಹೆಸರಿಟ್ಟು ಮೇಲಕ್ಕೆ ಹತ್ತಿಸಿದ್ರು. ಆ ಹೆಸರು ನೋಡಿದಾಗ ನನ್ನ ಎಪೋಕ್ ಮೇಲಿದ್ದ ಬೇಜಾರು ಸ್ವಲ್ಪ ಕಮ್ಮಿ ಆಯ್ತು.

ಮೊನ್ನೆ ಒಬ್ರು ಬಗ್ ಹಾಕಿದಾರೆ, ವರ್ಷನ್ ಮುಂದೆ ಆ '1:' ನೋಡೋಕೆ ಅಸಹ್ಯ, ತೆಗೀರಿ ಅಂತ. 'ವೋಂಟ್‌ಫಿಕ್ಸ್' (ಸರಿ ಮಾಡಲ್ಲ) ಟ್ಯಾಗ್ ಹಾಕಿ ಮೇಲಿನ ಕಥೆ ಚಿಕ್ಕದಾಗಿ ಬರೆದೆ. ನಿನ್ನೆ 1:1.4-2 ಅಪ್‌ಲೋಡ್ ಮಾಡಿದೀನಿ, ಹೊಸ ಬಗ್ ಯಾವುದೂ ಬರದೇ ಇದ್ರೆ ಐದು ದಿನಕ್ಕೆ ಟೆಸ್ಟಿಂಗ್‌ಗೆ ಇಳಿಯುತ್ತೆ. ಆರ್ಮ್64 ಬಿಲ್ಡ್ ಇನ್ನೂ ಓಡ್ತಾ ಇದೆ.