ಕಲ್ಲಿನ ಬಣ್ಣ ಹುಡುಕಿಕೊಂಡು ಇಕ್ಕೇರಿಗೆ

ರಂಗಸಜ್ಜಿಕೆ ಕಲಿಯುತ್ತಿದ್ದ ಮೊದಲ ವರ್ಷ ನನ್ನ ಪಾಲಿಗೆ ಒಂದು ಕೋಟೆ ಗೋಡೆ ಬಂತು. ಎಂಟು ಅಡಿ ಎತ್ತರದ ಪ್ಲೈವುಡ್ ಹಲಗೆಗಳ ಮೇಲೆ ಕಲ್ಲು ಬರೆಯಬೇಕಿತ್ತು. ಬೂದು ಬಣ್ಣ ಬಳಿದೆ, ಮೇಲೆ ಕಪ್ಪು ಗೆರೆ ಎಳೆದೆ. ಮೇಷ್ಟ್ರು ದೂರ ನಿಂತು ನೋಡಿ, "ಇದು ಸಿಮೆಂಟ್ ಗೋಡೆ ಕಣಮ್ಮ. ಹೋಗಿ ಕಲ್ಲು ನೋಡ್ಕೊಂಡು ಬಾ" ಅಂದರು.

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ಸಾಗರದ ಬಸ್ ಹತ್ತಿದೆ. ಅಲ್ಲಿಂದ ಇಕ್ಕೇರಿಗೆ ಆಟೋ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಕೆಳದಿ ಅರಸರ ಕಾಲದ್ದು, 16ನೇ ಶತಮಾನದ ಕಲ್ಲಿನ ಕಟ್ಟಡ. ನಾನೂರಕ್ಕೂ ಹೆಚ್ಚು ಮಲೆನಾಡಿನ ಮಳೆಗಾಲ ಕಂಡ ಗೋಡೆ ನನಗೆ ಬೇಕಿತ್ತು. ಚೀಲದಲ್ಲಿ ಬಿಳಿ, ಕಪ್ಪು, ನೀಲಿ, ಹಳದಿ ಮಣ್ಣು, ಕೆಮ್ಮಣ್ಣು ಅಂತ ಐದೇ ಬಣ್ಣ. ಜೊತೆಗೆ ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿದ ತುಂಡುಗಳು.

ಫೋಟೋ ತೆಗೆದರೆ ಸಾಕಲ್ವಾ ಅನಿಸಬಹುದು. ಸಾಲದು. ನೆರಳಿನ ಬಣ್ಣವನ್ನು ಫೋನು ತನಗೆ ತೋಚಿದಂತೆ ಬದಲಿಸಿಬಿಡುತ್ತದೆ. ಅದಕ್ಕೇ ಅಲ್ಲೇ ಕೂತು ಬಣ್ಣ ಕಲಸಿದೆ. ಕರೆಯೋಲೆ ತುಂಡಿಗೆ ಹಚ್ಚಿ, ಒಣಗಿದ ಮೇಲೆ ಗೋಡೆಗೆ ತಾಗದಂತೆ ಎದುರು ಹಿಡಿದು, ಕಣ್ಣು ಕಿರಿದು ಮಾಡಿ ನೋಡುವುದು. ತುಂಡು ಗೋಡೆಯೊಳಗೆ ಕಾಣೆಯಾದರೆ ಬಣ್ಣ ಸರಿ. ಯಾವುದು ಎಷ್ಟು ಹನಿ ಅಂತ ಹಿಂದೆ ಬರೆದುಕೊಂಡೆ.

ಆ ಗೋಡೆಯಲ್ಲಿ ನಾನು ಬಳಿದ ಬೂದು ಎಲ್ಲೂ ಇರಲಿಲ್ಲ. ಬಿಸಿಲಿನ ಕಡೆ ಹಳದಿ, ನೆರಳಿನಲ್ಲಿ ನೀಲಿ. ನೀರು ಇಳಿಯುವ ಕಡೆ ಕಪ್ಪು ಪಟ್ಟೆ, ಅಲ್ಲಲ್ಲಿ ರೂಪಾಯಿ ನಾಣ್ಯದಷ್ಟು ಬಿಳಿ ಹಸಿರು ಕಲೆಗಳು. ಎರಡು ಕಲ್ಲು ಸೇರುವ ಗೆರೆಯನ್ನು ತುಂಬಾ ಹೊತ್ತು ನೋಡಿದೆ. ಅದು ಒಂದೇ ದಪ್ಪಕ್ಕೆ ಇರಲಿಲ್ಲ. ಒಂದು ಕಡೆ ಕೂದಲೆಳೆಯಷ್ಟು, ಇನ್ನೊಂದು ಕಡೆ ಬೆರಳು ಹೋಗುವಷ್ಟು. ಗೆರೆಯ ಕೆಳಗಿನ ಕಲ್ಲಿನ ಅಂಚಿಗೆ ಮೇಲಿನ ಬೆಳಕು ಬಿದ್ದು ಬೆಳ್ಳಗೆ ಕಾಣುತ್ತಿತ್ತು. ನಾನು ಬಿಟ್ಟಿದ್ದು ಆ ಬಿಳಿಯನ್ನೇ.

ದೇವಸ್ಥಾನಕ್ಕೆ ಬಂದಿದ್ದ ಅಜ್ಜಿಯೊಬ್ಬರು "ಎಂತ ಮಾಡ್ತಾ ಇದ್ದೆ ಕೂಸೆ?" ಅಂತ ಕೇಳಿದರು. ಹೇಳಿದೆ. "ಹಂಗಾದ್ರೆ ಒಳಗೆ ನೆಲ ನೋಡು" ಅಂದರು. ಗರ್ಭಗುಡಿಯ ಎದುರು, ನೆಲದ ಕಲ್ಲಿನಲ್ಲೇ, ಕೆಳದಿಯ ಮೂವರು ಅರಸರು ಅಡ್ಡಬಿದ್ದಿರುವ ಆಕೃತಿಗಳಿವೆ. ಬಗ್ಗಿ ನೋಡಿದೆ. ಜನ ಓಡಾಡುವ ಕಡೆ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಮೂಲೆಗಳಲ್ಲಿ ಒರಟು ಹಾಗೇ ಇತ್ತು. ಮನುಷ್ಯರು ತಾಗಿದ್ದು ಎಲ್ಲಿ, ತಾಗದ್ದು ಎಲ್ಲಿ ಅಂತ ಕಲ್ಲೇ ಹೇಳುತ್ತದೆ. ನನ್ನ ಕೋಟೆಯಲ್ಲಿ ಯಾರೂ ವಾಸವೇ ಮಾಡಿರಲಿಲ್ಲ.

ವಾಪಸ್ ಬಂದು ಹಲಗೆಗಳಿಗೆ ಹೊಸದಾಗಿ ಬಿಳಿ ಹೊಡೆದೆ. ಮೂರು ಬಣ್ಣ ಹಸಿ ಇರುವಾಗಲೇ ಒಂದರೊಳಗೊಂದು ಸೇರಿಸಿ, ಸ್ಪಂಜಿನಿಂದ ಒತ್ತಿದೆ. ಬುಡಕ್ಕೆ ಮರದ ಪುಡಿ, ಫೆವಿಕಾಲ್ ಕಲಸಿ ಮೆತ್ತಿದೆ. ನೀರಿನ ಪಟ್ಟೆಯನ್ನು ಕುಂಚದಲ್ಲಿ ಬರೆಯಲಿಲ್ಲ. ಹಲಗೆ ನಿಲ್ಲಿಸಿ, ಮೇಲಂಚಿಗೆ ತೆಳು ಕಪ್ಪು ಹಚ್ಚಿ, ನೀರು ಸಿಂಪಡಿಸಿ ಅದರಷ್ಟಕ್ಕೆ ಇಳಿಯಲು ಬಿಟ್ಟೆ. ಬಾಗಿಲ ಪಕ್ಕ, ಕೈ ತಾಗುವ ಎತ್ತರದಲ್ಲಿ, ಸ್ವಲ್ಪ ವಾರ್ನಿಷ್.

ಬೆಳಕಿನ ತಾಲೀಮಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಕಿತ್ತಳೆ ಬೆಳಕು ಬಿದ್ದದ್ದೇ ನನ್ನ ಪಾಚಿ ಹಸಿರೆಲ್ಲ ಮಣ್ಣು ಬಣ್ಣವಾಯಿತು. ರಾತ್ರಿ ಅದೇ ಬೆಳಕು ಹಾಕಿಸಿಕೊಂಡು, ಹಸಿರಿಗೆ ನೀಲಿ ಜಾಸ್ತಿ ಸೇರಿಸಿ ಮತ್ತೆ ಹಚ್ಚಿದೆ. ಮುಗಿದಾಗ ಎರಡು ಗಂಟೆ. ಪ್ರದರ್ಶನದ ದಿನ ಕಾವಲುಗಾರನ ಪಾತ್ರದವನು ಬಾಗಿಲ ಹತ್ತಿರ ಬಂದು, ಯಾರೂ ಹೇಳದೆ, ಆ ವಾರ್ನಿಷ್ ಹಚ್ಚಿದ ಜಾಗಕ್ಕೇ ಕೈ ಊರಿ ನಿಂತ.