ಕಟ್ಟಡಕ್ಕೆ ಕರೆಂಟು: ಬುನಾದಿಗೆ ಮೊದಲು ಮೀಟರು ಪಡೆಯುವುದು ಹೇಗೆ?

ಶನಿವಾರ ಮಧ್ಯಾಹ್ನ ಫೋನು ಬರುತ್ತದೆ. ಸೋಮವಾರ ಸ್ಲ್ಯಾಬ್ ಇದೆ, ಸೆಂಟ್ರಿಂಗ್ ಮುಗಿದಿದೆ, ಗೌಂಡಿ ಆಳುಗಳಿಗೆ ಮುಂಗಡವನ್ನೂ ಕೊಟ್ಟಾಗಿದೆ. "ಸರ್, ಒಂದು ಮೀಟರು ಹಾಕಿಸಿಕೊಡಿ, ನಾಳೆಯೇ ಬೇಕು." ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಆಚೆಗಿನ ಬಡಾವಣೆಗಳಲ್ಲಿ ವೈರಿಂಗ್ ಗುತ್ತಿಗೆ ಮಾಡುವ ನನಗೆ ಈ ಫೋನು ಹೊಸದಲ್ಲ. ನಾಳೆ ಭಾನುವಾರ ಎಂದಷ್ಟೇ ಹೇಳುತ್ತೇನೆ. ಅವರು ಪಕ್ಕದ ಮನೆಯ ಕಿಟಕಿಯಿಂದ ವೈರು ಎಳೆಯುತ್ತಾರೆ, ಊರ ಹೊರಗಾದರೆ ಹೊಲದ ಪಂಪ್‌ಸೆಟ್ಟಿನಿಂದ.

ಎರಡೂ ತಪ್ಪು. ಮನೆಬಳಕೆಗೋ ನೀರಾವರಿಗೋ ಕೊಟ್ಟ ವಿದ್ಯುತ್ತನ್ನು ಕಟ್ಟಡಕ್ಕೆ ತಿರುಗಿಸಿದರೆ ವಿದ್ಯುಚ್ಛಕ್ತಿ ಕಾಯ್ದೆ 2003ರ 126ನೇ ಸೆಕ್ಷನ್ ಪ್ರಕಾರ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. ಯಾವಾಗಿನಿಂದ ಬಳಕೆಯಾಗಿದೆ ಎಂದು ತಿಳಿಯದಿದ್ದರೆ ಹಿಂದಿನ 12 ತಿಂಗಳ ಲೆಕ್ಕ ಹಾಕಬಹುದು. ಆ ಬಿಲ್ಲು ಬರುವುದು ಉಪಕಾರ ಮಾಡಿದ ನೆರೆಯವರ ಹೆಸರಿಗೆ. ಕಂಬಕ್ಕೆ ನೇರವಾಗಿ ಕೊಕ್ಕೆ ಹಾಕಿದರೆ ಅದು 135ನೇ ಸೆಕ್ಷನ್ನಿನ ಕಳ್ಳತನ, ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಆದ್ದರಿಂದ ಭೂಮಿಪೂಜೆಯ ಮುಹೂರ್ತ ಗೊತ್ತಾದ ದಿನವೇ, ಕಟ್ಟಡ ಮುಗಿಯುವವರೆಗಿನ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿಯ ಕೆಲಸ ಶುರುಮಾಡಿ.

ಮೊದಲು ಕಾಗದ. ಖಾತೆ (ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು), ಮಂಜೂರಾದ ನಕ್ಷೆ, ಕಟ್ಟಡ ಪರವಾನಗಿ, ಮಾಲೀಕರ ಗುರುತಿನ ಚೀಟಿ, ಭಾವಚಿತ್ರ. ಜೊತೆಗೆ ಪಕ್ಕದ ಮನೆಯ ಆರ್.ಆರ್. ಸಂಖ್ಯೆ (ಕರೆಂಟು ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಬರೆದುಕೊಂಡು ಹೋಗಿ. ನಿಮ್ಮ ನಿವೇಶನ ಯಾವ ಕಂಬದ ಬಳಿ ಇದೆ ಎಂದು ಹುಡುಕುವ ಶ್ರಮ ಈ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂನ ಶಾಖಾಧಿಕಾರಿಗೆ ತಪ್ಪುತ್ತದೆ. ಬಡಾವಣೆಯಲ್ಲಿ ನಿವೇಶನ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ಕಂಬ ನೆಟ್ಟಿದೆ, ತಂತಿ ಎಳೆದಿದೆ ಎಂದ ಮಾತ್ರಕ್ಕೆ ಆ ಬಡಾವಣೆಗೆ ವಿದ್ಯುತ್ ಬಂದಿದೆ ಎಂದಲ್ಲ. ಟ್ರಾನ್ಸ್‌ಫಾರ್ಮರ್ ಚಾಲೂ ಆಗಿದೆಯೇ, ಲೈನನ್ನು ಜೆಸ್ಕಾಂಗೆ ಹಸ್ತಾಂತರಿಸಿದ ಪತ್ರ ಇದೆಯೇ ಎಂದು ಮಾರಿದವರನ್ನು ಕೇಳಿ. ಎನ್.ಎ. (ಕೃಷಿಯೇತರ ಬಳಕೆಯ) ಆದೇಶದ ಪ್ರತಿ ತೋರಿಸಿ ಮಾತು ಮುಗಿಸುವವರೇ ಹೆಚ್ಚು. ಎನ್.ಎ. ಆದ ಜಮೀನಿಗೆ ಕರೆಂಟು ತಾನಾಗಿ ಬರುವುದಿಲ್ಲ.

ಎರಡನೆಯದು ಲೋಡ್. ಎಲ್ಲರೂ ಎಡವುವುದು ಇಲ್ಲಿಯೇ. ಅರ್ಜಿಯಲ್ಲಿ ಎಷ್ಟು ಕಿಲೋವ್ಯಾಟ್ ಎಂದು ಕೇಳಿದ ಜಾಗದಲ್ಲಿ "ಒಂದು ಬರೆಯಿರಿ, ಬಿಲ್ಲು ಕಡಿಮೆ ಬರುತ್ತದೆ" ಎನ್ನುವವರಿದ್ದಾರೆ. "ಹತ್ತು ಇರಲಿ, ಮುಂದೆ ಬೇಕಾಗುತ್ತದೆ" ಎನ್ನುವವರೂ ಇದ್ದಾರೆ. ತಾತ್ಕಾಲಿಕ ಸಂಪರ್ಕದ ದರ ಮನೆಬಳಕೆಯ ದರಕ್ಕಿಂತ ಹೆಚ್ಚು. ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟಿನ ಮೇಲೆ ಬೀಳುತ್ತದೆ, ಕರೆಂಟು ಉರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೀಗಾಗಿ ಹತ್ತು ಬರೆಸಿದವರು ದುಡ್ಡು ಕಳೆದುಕೊಳ್ಳುತ್ತಾರೆ. ಒಂದು ಬರೆಸಿದವರ ಫ್ಯೂಸು ಸ್ಲ್ಯಾಬಿನ ದಿನವೇ ಹೋಗುತ್ತದೆ.

ಒಂದು ಹಾಳೆ ತೆಗೆದುಕೊಂಡು ಯಂತ್ರಗಳನ್ನು ಬರೆಯಿರಿ. ಒಂದು ಎಚ್.ಪಿ. ಎಂದರೆ 746 ವ್ಯಾಟ್. ಮೂರು ಎಚ್.ಪಿ. ಬೋರ್‌ವೆಲ್ ಪಂಪಿಗೆ ಸುಮಾರು 2.2 ಕಿಲೋವ್ಯಾಟ್, ಕಾಂಕ್ರೀಟನ್ನು ಅದುರಿಸಿ ಗಟ್ಟಿಮಾಡುವ ಎರಡು ಎಚ್.ಪಿ. ವೈಬ್ರೇಟರಿಗೆ ಒಂದೂವರೆ, ಪರಸಿ (ಹಾಸುಗಲ್ಲು) ಮತ್ತು ಟೈಲ್ಸ್ ಕೊಯ್ಯುವ ಕಟರಿಗೆ ಒಂದೂಕಾಲರಿಂದ ಒಂದೂವರೆ, ದೀಪಗಳಿಗೆ ಕಾಲು. ಗ್ರಿಲ್ಲು, ಗೇಟು ಕೂಡಿಸುವ ವೆಲ್ಡಿಂಗ್ ಯಂತ್ರವೇ ಎಲ್ಲಕ್ಕಿಂತ ಹೊಟ್ಟೆಬಾಕ: ನಾಲ್ಕೈದು ಕಿಲೋವ್ಯಾಟ್ ಹಿಡಿಯಿರಿ. ಎಲ್ಲವನ್ನೂ ಕೂಡಿದರೆ ಹತ್ತರ ಹತ್ತಿರ ಬರುತ್ತದೆ. ಅದನ್ನೇ ಬರೆಯಬೇಡಿ. ಯಾವ ದಿನ ಯಾವ ಯಂತ್ರಗಳು ಒಟ್ಟಿಗೆ ಓಡುತ್ತವೆ ಎಂದು ನೋಡಿ. ಸ್ಲ್ಯಾಬಿನ ದಿನ ವೈಬ್ರೇಟರ್, ಪಂಪು, ದೀಪ, ಅಷ್ಟೆ, ಮಿಕ್ಸರ್ ಡೀಸೆಲ್ಲಿನದು. ಪರಸಿ ಹಾಸುವಾಗ ಕಟರ್ ಮಾತ್ರ. ವೆಲ್ಡಿಂಗ್ ಮಾಡುವಾಗ ಪಂಪು ಬಂದ್ ಮಾಡಿಸಿದರೆ ಐದು ಕಿಲೋವ್ಯಾಟಿನಲ್ಲಿ ಸಾಮಾನ್ಯ ಮನೆ ಮುಗಿಯುತ್ತದೆ. ವೆಲ್ಡರನು ಹಳೆಯ ಟ್ರಾನ್ಸ್‌ಫಾರ್ಮರ್ ಡಬ್ಬಿ ತಂದರೆ ವಾಪಸು ಕಳಿಸಿ, ಇನ್ವರ್ಟರ್ ಮಾದರಿಯದನ್ನು ತರಲು ಹೇಳಿ. ಅದು ಕಡಿಮೆ ಎಳೆಯುತ್ತದೆ, ಓಣಿಯ ದೀಪಗಳೂ ಮಿಣುಕುವುದಿಲ್ಲ. ಪಂಪು ತ್ರೀ ಫೇಸ್ ಆಗಿದ್ದರೆ ಅರ್ಜಿಯಲ್ಲಿಯೇ ತ್ರೀ ಫೇಸ್ ಎಂದು ಬರೆಸಿ. ಆಮೇಲೆ ಬದಲಿಸುವುದೆಂದರೆ ಹೊಸ ಅರ್ಜಿಯಷ್ಟೇ ಓಡಾಟ.

ಲೋಡಿನ ಜೊತೆಗೇ ವೈರಿನ ಮಾತು. ಲೋಡ್ ಸರಿಯಾಗಿ ಬರೆಸಿಯೂ ಮೋಟಾರು ಸುಟ್ಟುಕೊಂಡವರನ್ನು ನೋಡಿದ್ದೇನೆ. ಮೀಟರಿನಿಂದ 60 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದು, 10 ಆಂಪಿಯರ್ ಎಳೆಯುವ ವೈಬ್ರೇಟರ್ ಓಡಿಸಿದರೆ ದಾರಿಯಲ್ಲೇ 14 ವೋಲ್ಟ್ ಹೋಗುತ್ತದೆ. ಮೋಟಾರು ಶುರುವಾಗುವಾಗ ಅದರ ಐದಾರು ಪಟ್ಟು ಎಳೆಯುವುದರಿಂದ ಆ ಕ್ಷಣಕ್ಕೆ 70 ವೋಲ್ಟ್ ಇಳಿದು, ಮೋಟಾರು ಗುಂಯ್‌ಗುಡುತ್ತ ನಿಲ್ಲುತ್ತದೆ. ಗೌಂಡಿ ಯಂತ್ರವನ್ನು ಬೈಯುತ್ತಾನೆ, ತಪ್ಪು ವೈರಿನದು. ಅದೇ ದೂರಕ್ಕೆ 4 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ತೀರಾ ಅಗ್ಗದ ವೈರಿನ ಸುರುಳಿಯನ್ನು ಕೊಳ್ಳುವ ಮುನ್ನ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಂಥದ್ದನ್ನು ನಾನು ಎಮ್ಮೆ ಕಟ್ಟಲೂ ಬಳಸುವುದಿಲ್ಲ.

ಅರ್ಜಿ ಸಲ್ಲಿಸುವುದು ಸುಲಭ: ಜೆಸ್ಕಾಂ ಜಾಲತಾಣದಲ್ಲಿ ಅಥವಾ ನಿಮ್ಮ ಉಪವಿಭಾಗದ ಕಚೇರಿಯಲ್ಲಿ, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರನ ಮೂಲಕ. ಬೀದರ್, ಯಾದಗಿರಿಯವರಿಗೂ ಇದೇ ಕಂಪನಿ, ಇದೇ ಕ್ರಮ. ಗುತ್ತಿಗೆದಾರನ ಪರವಾನಗಿಯ ಅವಧಿ ಮುಗಿದಿಲ್ಲವೇ ಎಂದು ನೋಡಲು ನಾಚಿಕೆ ಬೇಡ.

ಬಳಿಕ ಶಾಖಾಧಿಕಾರಿ ಸ್ಥಳಕ್ಕೆ ಬರುತ್ತಾರೆ. ಆ ದಿನ ನೀವೇ ಅಲ್ಲಿ ಇರಿ, ಕಾವಲುಗಾರನನ್ನು ನಿಲ್ಲಿಸಿ ಹೋಗಬೇಡಿ. ಮೀಟರು ಎಲ್ಲಿ ಕೂಡಬೇಕು ಎಂಬುದು ಆಗಲೇ ತೀರ್ಮಾನವಾಗುತ್ತದೆ. ನಕ್ಷೆ ಹಿಡಿದು, ಗೇಟು, ಮೆಟ್ಟಿಲು, ನೀರಿನ ಟಾಕಿ ಬರುವ ಜಾಗ ಬಿಟ್ಟು, ರಸ್ತೆ ಬದಿಯ ಮೂಲೆಯಲ್ಲಿ ಇಟ್ಟಿಗೆಯ ಗಟ್ಟಿ ಕಂಬ ಕಟ್ಟಿಸಿ ಅಲ್ಲಿ ಕೂಡಿಸಿ. ಸೆಂಟ್ರಿಂಗಿನ ಬಲ್ಲಿಗೆ (ಆಧಾರದ ಮರದ ಕಂಬಕ್ಕೆ) ಮೀಟರು ತೂಗುಹಾಕಿದ್ದನ್ನು ಕಂಡಿದ್ದೇನೆ. ಬಲ್ಲಿ ಬಿಚ್ಚಿದ ದಿನ ಮೀಟರು ಮರಳಿನ ಗುಡ್ಡೆಯ ಮೇಲೆ ಮಲಗಿತ್ತು. ನಿವೇಶನದ ಮೇಲೆ 11 ಕೆ.ವಿ. ಲೈನು ಹಾದುಹೋಗಿದ್ದರೆ ಅದೇ ದಿನ ಕೇಳಿ. ಕಟ್ಟಡದ ತುತ್ತತುದಿಯಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಲೇಬೇಕು. ಎರಡನೇ ಮಹಡಿಯ ಕಬ್ಬಿಣ ಎತ್ತುವಾಗ ತಲೆಯೆತ್ತಿ ನೋಡಿದರೆ ತಡವಾಗಿರುತ್ತದೆ.

ಎಸ್ಟಿಮೇಟು ಬಂದ ಮೇಲೆ ಹಣ, ಭದ್ರತಾ ಠೇವಣಿ ಕಟ್ಟುವುದು, ರಸೀದಿ ಇಟ್ಟುಕೊಳ್ಳುವುದು. ಹೊಸ ಕಂಬ, ಲೈನು ಬೇಡವಾದ ಕಡೆ, ಎಲ್ಲ ದಾಖಲೆ ಕೊಟ್ಟ ಮೇಲೆ, ನಗರ ಪ್ರದೇಶದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಸಂಪರ್ಕ ಕೊಡಬೇಕೆಂದು ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಮೀರಿದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ.

ಇನ್ನು ಅರ್ಥಿಂಗ್. ಕಬ್ಬಿಣದ ಸರಳೊಂದನ್ನು ಮಣ್ಣಿಗೆ ಚುಚ್ಚಿ ಅರ್ಥಿಂಗ್ ಎನ್ನುವವರ ಮಾತು ಕೇಳಬೇಡಿ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಬೇಕು, ಸುತ್ತ ಇದ್ದಿಲು, ಉಪ್ಪು. ನಮ್ಮ ಎರೆಮಣ್ಣು ಹಸಿಯಾಗಿದ್ದಾಗ ಅರ್ಥಿಂಗಿಗೆ ಒಳ್ಳೆಯದು, ಏಪ್ರಿಲ್ ಬಂತೆಂದರೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಕ್ಯೂರಿಂಗ್ ನೀರಿನಲ್ಲಿ ಎರಡು ಕೊಡ ಅದಕ್ಕೂ ಹಾಕಿಸಿ. ಬೀದರಿನ ಜಂಬಿಟ್ಟಿಗೆ ಕಲ್ಲಿನಲ್ಲಿ, ಶಹಾಬಾದ್ ಕಡೆಯ ಪರಸಿ ಬಂಡೆಯ ಮೇಲೆ ಒಂದು ಪೈಪು ಸಾಲದು, ಎರಡು ಹಾಕಿ ಕೂಡಿಸಬೇಕು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನಾಗಿ ಬಂದ್ ಆಗುವ ಸ್ವಿಚ್ಚು) ಕಡ್ಡಾಯವಾಗಿ ಇರಲಿ. ಪದೇಪದೇ ಬೀಳುತ್ತದೆ ಎಂದು ಅದನ್ನು ತೆಗೆದು ನೇರ ಜೋಡಿಸುವ ಎಲೆಕ್ಟ್ರಿಷಿಯನ್ನನನ್ನು ಅವತ್ತೇ ಬದಲಿಸಿ. ಅದು ಬೀಳುತ್ತಿದೆ ಎಂದರೆ ಒದ್ದೆ ಸ್ಲ್ಯಾಬಿನ ಮೇಲೆ ಬರಿಗಾಲಿನಲ್ಲಿ ನಿಂತ ಆಳಿನ ಕಡೆಗೆ ಕರೆಂಟು ಸೋರುತ್ತಿದೆ ಎಂದರ್ಥ.

ಮನೆ ಮುಗಿದ ಮೇಲೆ ತಾತ್ಕಾಲಿಕ ಸಂಪರ್ಕದಲ್ಲೇ ಸಂಸಾರ ಹೂಡಬೇಡಿ, ದರ ನೆನಪಿರಲಿ. ಕಾಯಂ ಸಂಪರ್ಕಕ್ಕೆ ಸ್ವಾಧೀನ ಪತ್ರ (ಒ.ಸಿ., ಮನೆ ವಾಸಕ್ಕೆ ಸಿದ್ಧ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಬೇಕು ಎಂಬುದು 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಿಗಿಯಾಯಿತು. ನಿಮ್ಮ ಮನೆಗೆ ಅದು ಈಗ ಬೇಕೇ ಎಂದು ಕಚೇರಿಯಲ್ಲಿ ಕೇಳಿ. ಬೇಕೆಂದರೆ ಬಣ್ಣ ಹಚ್ಚುವಾಗಲೇ ಆ ಪತ್ರಕ್ಕೆ ಅರ್ಜಿ ಹಾಕಿ. ಹಳೆಯ ಮೀಟರು ಬಿಚ್ಚುವ ದಿನ ಕೊನೆಯ ರೀಡಿಂಗಿನ ಫೋಟೊ ತೆಗೆದುಕೊಂಡು, ಠೇವಣಿಯ ರಸೀದಿ ಲಗತ್ತಿಸಿ ಹಣ ವಾಪಸಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.