ನನ್ನ ಅನುಭವ: ದಾವಣಗೆರೆ–ಚಿತ್ರದುರ್ಗದ ರಸ್ತೆಯನ್ನು ಯುಸಿಐ ರೇಸಿಗೆ ಹದ ಮಾಡುವುದು

ಹಲವು ದಿನ, ದಿನಕ್ಕೊಂದು ಹಂತದಂತೆ ನಡೆಯುವ ಸೈಕಲ್ ಸ್ಟೇಜ್ ರೇಸಿನ ದರ್ಜೆ ಏರಿತು ಅಂದರೆ ಪೇಪರಿನಲ್ಲಿ ಬರುವುದು ಬಹುಮಾನದ ಮೊತ್ತ, ಬರಲಿರುವ ದೊಡ್ಡ ತಂಡಗಳ ಹೆಸರು. ದಾರಿಯ ಉಸ್ತುವಾರಿ ಹೊತ್ತವರಿಗೆ ಕಾಣುವುದು ಬೇರೆ: ಎಷ್ಟು ಹಂಪು ಕೀಳಿಸಬೇಕು, ಸವಾರರ ಜೊತೆ ಸಾಗುವ ವಾಹನಗಳ ಸಾಲಿಗೆ, ಅಂದರೆ ಕಾನ್ವಾಯ್‌ಗೆ ಎಂಥ ಕಾರು ಹುಡುಕಬೇಕು, ರೈಲ್ವೆ ಗೇಟು ಎಷ್ಟು ಹೊತ್ತಿಗೆ ಬೀಳುತ್ತದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ರಸ್ತೆ ರೇಸಿನ ದಾರಿ ಗುರುತು ಮಾಡುವುದು ನಮ್ಮ ಕೆಲಸ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ, ಅಂದರೆ ಯುಸಿಐನ ನಿಯಮಕ್ಕೆ ಒಪ್ಪುವಂತೆ ಒಂದು ಹಂತವನ್ನು ಈ ರಸ್ತೆಗಳ ಮೇಲೆ ಕೂರಿಸುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದರ್ಜೆಯ ಲೆಕ್ಕ. ಒಂದು ದಿನದ ರೇಸಿಗೆ ಮೊದಲ ಅಂಕಿ 1, ಹಲವು ದಿನದ್ದಕ್ಕೆ 2. ಅದರ ಮುಂದೆ ಬರುವುದು ಮಟ್ಟ: 2.2, ಅದಕ್ಕಿಂತ ಮೇಲೆ 2.1, ಆಮೇಲೆ 2.ಪ್ರೊ, ಎಲ್ಲಕ್ಕೂ ಮೇಲೆ ವರ್ಲ್ಡ್ ಟೂರ್. 2019ರವರೆಗೆ 2.ಪ್ರೊ ಜಾಗದಲ್ಲಿ 2.ಎಚ್‌ಸಿ ಇತ್ತು, ಬ್ರಿಟನ್ನಿನ ಟೂರ್ 2014ರಲ್ಲಿ 2.1ರಿಂದ ಆ ಮೆಟ್ಟಿಲಿಗೆ ಏರಿತು. ನಮ್ಮ ಹತ್ತಿರದ ಉದಾಹರಣೆ ಪುಣೆ ಗ್ರ್ಯಾಂಡ್ ಟೂರ್, 2026ರ ಜನವರಿಯಲ್ಲಿ 2.2 ದರ್ಜೆಯಲ್ಲಿ ನಡೆದದ್ದು. ಒಟ್ಟಾರೆ ಗೆದ್ದವನಿಗೆ 2.2ರಲ್ಲಿ 40 ಅಂಕ, 2.1ರಲ್ಲಿ 125, 2.ಪ್ರೊದಲ್ಲಿ 200. 2.2ಕ್ಕೆ ವರ್ಲ್ಡ್ ಟೂರ್ ತಂಡಗಳು ಬರುವಂತಿಲ್ಲ, 2.1ರಿಂದ ಅವರಿಗೆ ಬಾಗಿಲು ತೆರೆಯುತ್ತದೆ. ಅವರು ಬಂದರೆ ಬಸ್ಸು, ಲಾರಿ, ಅಡುಗೆಯವರು, ಮೆಕ್ಯಾನಿಕ್‌ಗಳು ಎಲ್ಲರೂ ಜೊತೆಗೇ ಬರುತ್ತಾರೆ. ಹಾಗಾಗಿ 2.2 ಕೇಳುವಾಗಲೇ 2.1ಕ್ಕೆ ಸಾಲುವಷ್ಟು ಜಾಗ ಇರುವ ಊರನ್ನೇ ಫಿನಿಶ್‌ಗೆ ಆರಿಸಿಕೊಳ್ಳುವುದು ಜಾಣತನ. ಅರ್ಜಿ ಭಾರತೀಯ ಸೈಕ್ಲಿಂಗ್ ಫೆಡರೇಷನ್ ಮೂಲಕವೇ ಹೋಗಬೇಕು.

ದಿನಾಂಕ ನಮ್ಮ ಭಾಗದಲ್ಲಿ ಬೆಳೆಯ ಮೇಲೆ ನಿಂತಿದೆ. ಅಕ್ಟೋಬರಿನಿಂದ ಜನವರಿವರೆಗೆ ಹಳ್ಳಿ ರಸ್ತೆ ಅಂದರೆ ಕಣ. ದಾವಣಗೆರೆ ಕಡೆ ಮೆಕ್ಕೆಜೋಳ, ದುರ್ಗದ ಕಡೆ ರಾಗಿ. ಏಪ್ರಿಲ್‌ನಲ್ಲಿ ಬಿಸಿಲು ತಾಳಲಾಗದು. ಬಿಸಿಲು ಮತ್ತು ತೇವ ಎರಡನ್ನೂ ಸೇರಿಸಿ ಅಳೆಯುವ ಸೂಚ್ಯಂಕ 28 ದಾಟಿದರೆ ಯುಸಿಐ ಪ್ರಕಾರ ಕೆಂಪು ವಲಯ, ಸ್ಟಾರ್ಟ್ ಹೊತ್ತು ಬದಲಿಸುವ ಮಾತು ಶುರುವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಭರಮಸಾಗರದ ಬಯಲಿನಲ್ಲಿ ಅಡ್ಡಗಾಳಿ ಹೊಡೆದರೆ ಗುಂಪು ಐದಾರು ತುಂಡಾಗುತ್ತದೆ. ನೋಡುವವನಿಗೆ ಅದಕ್ಕಿಂತ ಚಂದದ ರೇಸ್ ಇಲ್ಲ, ನನಗೂ ಅದೇ ಇಷ್ಟ. ಆದರೆ ತುಂಡಾದ ಗುಂಪುಗಳ ನಡುವೆ ಕಾನ್ವಾಯ್ ನುಗ್ಗಿಸಲು ನಮ್ಮ ರಸ್ತೆಯ ಅಗಲ ಸಾಲದು. ಉಳಿಯುವುದು ಫೆಬ್ರವರಿ. ಅದರಲ್ಲೂ ಪಂಚಾಂಗ ನೋಡಿಯೇ ದಿನ ಇಡಬೇಕು: ತರಳಬಾಳು ಹುಣ್ಣಿಮೆ ಆ ವರ್ಷ ಎಲ್ಲಿ, ದುಗ್ಗಮ್ಮನ ಜಾತ್ರೆ ಇದೆಯೇ, ದಾರಿಯ ಊರುಗಳ ಸಂತೆ ಯಾವ ವಾರ. ಸಂತೆ ದಿನ ಪೊಲೀಸರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ದಾರಿಗೆ ಬರೋಣ. ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ, ಹೊಳಲ್ಕೆರೆ ಸುತ್ತಿ ಚಿತ್ರದುರ್ಗಕ್ಕೆ ಬಂದರೆ ಸುಮಾರು 130ರಿಂದ 140 ಕಿ.ಮೀ. ಪುರುಷರ ಒಂದು ಹಂತ 240 ಕಿ.ಮೀ. ಮೀರಬಾರದು, ಎಲ್ಲ ಹಂತಗಳ ಸರಾಸರಿ 180 ಮೀರಬಾರದು ಎಂಬ ಮಿತಿಯೊಳಗೆ ಇದು ಆರಾಮಾಗಿ ಕೂರುತ್ತದೆ. ಊರೊಳಗೆ ಮೆರವಣಿಗೆಯಂತೆ ಸಾಗಿ ನಿಜವಾದ ಸ್ಟಾರ್ಟ್, ಅಂದರೆ ಸೊನ್ನೆ ಕಿಲೋಮೀಟರಿಗೆ ಬರುವ ದೂರ 10 ಕಿ.ಮೀ. ದಾಟುವಂತಿಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯ ಡಿವೈಡರ್‌ಗಳನ್ನು ಈ ಮೆರವಣಿಗೆಯಲ್ಲೇ ಮುಗಿಸಿಬಿಟ್ಟರೆ ಅರ್ಧ ತಲೆನೋವು ಕಳೆಯಿತು.

ಹೈವೇ 48ರ ಮೇಲೇ ಓಡಿಸಿದರೆ ಸಲೀಸಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ರಸ್ತೆ ನುಣುಪು, ನಿಜ. ಆದರೆ ಹೆಬ್ಬಾಳು ಟೋಲ್‌ನಲ್ಲಿ ಒಂದೊಂದು ಲೇನ್ ಮೂರು ಮೀಟರ್ ಚಿಲ್ಲರೆ, ಎರಡೂ ಕಡೆ ಕಾಂಕ್ರೀಟ್ ಕಟ್ಟೆ. ಐವತ್ತರ ವೇಗದಲ್ಲಿ ಬರುವ ನೂರು ಜನ ಅಲ್ಲಿ ಹೇಗೆ ಹಂಚಿಕೊಳ್ಳುತ್ತಾರೆ? ದೊಡ್ಡ ವಾಹನಕ್ಕೆಂದು ಅಂಚಿನಲ್ಲಿ ಬಿಟ್ಟ ಅಗಲದ ಲೇನ್ ಒಂದನ್ನೇ ತೆರೆದಿಟ್ಟು, ಉಳಿದವನ್ನು 200 ಮೀಟರ್ ಮೊದಲೇ ಕೋನ್ ಇಟ್ಟು ಮುಚ್ಚಬೇಕು. ಜೊತೆಗೆ ಮುಂಬೈ–ಬೆಂಗಳೂರು ಲಾರಿಗಳನ್ನು ಇನ್ನೊಂದು ಬದಿಗೆ ತಿರುಗಿಸಬೇಕು. ಹೈವೇಯನ್ನು ದಾಟಬಹುದು, ಅದರ ಮೇಲೆ ಹಂತ ಕಟ್ಟಬಾರದು ಎಂಬುದು ನನ್ನ ಲೆಕ್ಕ.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಳತೆ ಇದೆ: 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಅಂಥದ್ದು ಸಿಕ್ಕರೆ ಗುಂಪು ತಡವರಿಸದೆ ದಾಟುತ್ತದೆ. ಹಳ್ಳಿಗಳಲ್ಲಿ ಇರುವುದು ಅದಲ್ಲ. ಅಪಘಾತವಾದ ಮರುದಿನ ಊರವರೇ ಒತ್ತಾಯಿಸಿ ಹಾಕಿಸಿದ ಟಾರ್ ದಿಂಡು, ಅಗಲ ಒಂದು ಮೊಳ, ಎತ್ತರ ಒಂದು ಗೇಣು. ಇಲ್ಲವೇ ರಬ್ಬರ್ ಪಟ್ಟಿ. ರಬ್ಬರಿನದು ಹೆಚ್ಚು ಅಪಾಯ: ನಡುವಿನ ಎರಡು ತುಂಡು ಲಾರಿಗೆ ಸಿಕ್ಕು ಹಾರಿಹೋಗಿರುತ್ತವೆ, ನೆಲದಲ್ಲಿ ಬೋಲ್ಟ್ ಮಾತ್ರ ಬೆರಳುದ್ದ ನಿಂತಿರುತ್ತದೆ. 28 ಮಿ.ಮೀ. ಟೈರಿಗೆ ಅಷ್ಟು ಸಾಕು. ಸರ್ವೆ ಮಾಡುವಾಗ ಕಾರಿನಲ್ಲಿ ಕೂತು ಎಣಿಸಿದರೆ ಇದು ಕಾಣುವುದಿಲ್ಲ. ಸೈಕಲ್ ಮೇಲೆ ಹೋಗಿ, ಇಳಿದು, ಫೋಟೊ ತೆಗೆದು, ಕಿ.ಮೀ. ಬರೆದುಕೊಳ್ಳಬೇಕು.

ನಾವು ಹಂಪುಗಳನ್ನು ಮೂರು ಗುಂಪು ಮಾಡುತ್ತೇವೆ. ಇಳಿಜಾರಿನಲ್ಲಿ, ತಿರುವಿನ ಬಾಯಲ್ಲಿ, ಕೊನೆಯ 10 ಕಿ.ಮೀ.ಯಲ್ಲಿ ಇರುವುದನ್ನು ಕಿತ್ತು ಹಾಕಿಸಲೇಬೇಕು. ನೇರ ರಸ್ತೆಯ ದಿಂಡಾದರೆ ಎರಡೂ ಕಡೆ ಟಾರ್ ಹಾಕಿ ಇಳಿಜಾರು ಉದ್ದ ಮಾಡಿಸಿದರೆ ಸಾಕು. ಸರಿಯಾದ ಅಳತೆಯದಕ್ಕೆ ಬಿಳಿ ಬಣ್ಣ ಬಳಿದು, ನೂರು ಮೀಟರ್ ಮೊದಲು ಹಳದಿ ಬಾವುಟ, ಸೀಟಿ ಹಿಡಿದ ಒಬ್ಬ ಮಾರ್ಷಲ್‌ನನ್ನು ನಿಲ್ಲಿಸುತ್ತೇವೆ. ಕೀಳಿಸುವ ಪತ್ರ ಲೋಕೋಪಯೋಗಿ ಇಲಾಖೆಗೆ ಹೋಗಬೇಕು, ಪ್ರತಿ ಗ್ರಾಮ ಪಂಚಾಯ್ತಿಗೂ. ರೇಸ್ ಮುಗಿದ ಮೇಲೆ ಮತ್ತೆ ಹಾಕಿಸಿಕೊಡುವ ದಿನಾಂಕ ಅದೇ ಪತ್ರದಲ್ಲಿ ಇರದಿದ್ದರೆ ಊರವರು ಜೆಸಿಬಿಯನ್ನು ಮುಟ್ಟಲು ಬಿಡುವುದಿಲ್ಲ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ, ಶಾಲೆ ಮಕ್ಕಳು ದಾಟುವ ಜಾಗ ಅದು. ಕಿತ್ತ ಜಾಗಕ್ಕೆ ಜಲ್ಲಿಪುಡಿ ತುಂಬಿ ಬಿಡಬೇಡಿ. ಎರಡು ದಿನ ಲಾರಿ ಓಡಿದರೆ ಅದು ಎದ್ದು, ಹಂಪಿದ್ದಲ್ಲಿ ಗುಂಡಿ ಆಗುತ್ತದೆ. ಟಾರ್ ಹಾಕಿ ರೋಲರ್ ಹೊಡೆಸಲೇಬೇಕು.

ಜಂಕ್ಷನ್‌ಗೆ ಮೊದಲು ಬಳಿಯುವ ದಪ್ಪ ಬಿಳಿ ಪಟ್ಟಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಅದುರಿಗೆ ಬಾಟಲಿ ಸೈಕಲ್ಲಿನ ಸ್ಟ್ಯಾಂಡಿನಿಂದ ಹಾರಿ ಹಿಂದಿನವನ ಚಕ್ರಕ್ಕೆ ಬೀಳುತ್ತದೆ. ಅದನ್ನೂ ಮಾರ್ಗದರ್ಶಿ ಪುಸ್ತಕದಲ್ಲಿ ಕಿ.ಮೀ. ಸಮೇತ ಬರೆಯಬೇಕು.

ಫೆಬ್ರವರಿಯಲ್ಲೂ ತಡವಾದ ಮೆಕ್ಕೆಜೋಳ ಅಲ್ಲಲ್ಲಿ ರಸ್ತೆಗೆ ಬರುತ್ತದೆ. ಗುಡಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಕಾಳು ರಸ್ತೆಯಂಚಿನ ಬಿರುಕಿನಲ್ಲಿ ಕೂತು, ಗಾಳಿಗೆ ಮತ್ತೆ ಉರುಳಿ ತಿರುವಿಗೇ ಬರುತ್ತದೆ; ಒಣ ಕಾಳಿನ ಮೇಲೆ ಟೈರು ಗುಂಡಿನ ಮೇಲೆ ನಿಂತಂತೆ ಜಾರುತ್ತದೆ. ರೈತರಿಗೆ ನಾವು ಮೊದಲೇ ಟಾರ್ಪಾಲ್ ಕೊಟ್ಟು, ಶಾಲಾ ಮೈದಾನ ಅಥವಾ ದೇವಸ್ಥಾನದ ಅಂಗಳ ಬಿಡಿಸಿಕೊಡುತ್ತೇವೆ. ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಪೊರಕೆ. ರಾಶಿಯ ಮೇಲೆ ವಾಹನ ಹರಿಯದಂತೆ ಕಾಯಲು ಸುತ್ತ ಇಟ್ಟ ಕಲ್ಲುಗಳನ್ನು ಎತ್ತಿ ಚರಂಡಿಯಾಚೆ ಹಾಕಿಸುವುದನ್ನು ಮರೆಯಬಾರದು.

ರೈಲ್ವೆ ಗೇಟಿನ ವಿಷಯ. ಹುಬ್ಬಳ್ಳಿ–ಬೆಂಗಳೂರು ಮಾರ್ಗ ಒಂದು ಕಡೆ, ಚಿಕ್ಕಜಾಜೂರು–ಚಿತ್ರದುರ್ಗ ಮಾರ್ಗ ಇನ್ನೊಂದು ಕಡೆ. ಕೆಳಸೇತುವೆ ಇದ್ದರೆ ಅದನ್ನೇ ಹಿಡಿಯಿರಿ, ಆದರೆ ಒಳಗೆ ನೀರು, ಮರಳು ನಿಂತಿದೆಯೇ ನೋಡಿ; ಬಿಸಿಲಿನಿಂದ ಕತ್ತಲಿಗೆ ನುಗ್ಗುವವನಿಗೆ ಅದು ಕಾಣುವುದಿಲ್ಲ. ಗೇಟು ತಪ್ಪಿಸಲಾಗದಿದ್ದರೆ ನಿಯಮ ಎಲ್ಲರಿಗೂ ಗೊತ್ತಿರಲಿ. ಮುಂದಿನವರು ದಾಟಿ, ಹಿಂದಿನವರಿಗೆ ಗೇಟು ಬಿದ್ದರೆ ಏನೂ ಮಾಡುವುದಿಲ್ಲ, ಅದು ರೇಸಿನ ಪಾಡು. 30 ಸೆಕೆಂಡಿಗಿಂತ ಹೆಚ್ಚು ಮುಂದಿದ್ದವರು ಗೇಟಿನಲ್ಲಿ ಸಿಕ್ಕು, ಮುಚ್ಚಿರುವಾಗಲೇ ಗುಂಪು ಬಂದು ಸೇರಿದರೆ ರೇಸ್ ನಿಲ್ಲಿಸಿ, ಅದೇ ಅಂತರ ಕೊಟ್ಟು ಮತ್ತೆ ಬಿಡಬೇಕು. ಅಂತರ ಅದಕ್ಕಿಂತ ಕಡಿಮೆ ಇದ್ದರೆ ಅದೂ ರೇಸಿನ ಪಾಡೇ. ಮುಚ್ಚಿದ ಗೇಟಿನಡಿ ನುಸುಳಿದವನಿಗೆ ರೇಸ್ ಅಲ್ಲಿಗೇ ಮುಗಿಯಿತು. ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು, ದಿನಾ ಬೈಕಿನಲ್ಲಿ ನುಸುಳಿ ಅಭ್ಯಾಸ.

ಕಾರು. ಇಲ್ಲಿ ಯಾವ ಕಾರ್ಯಕ್ರಮಕ್ಕಾದರೂ ಇನ್ನೋವಾ ಅಥವಾ ಬೊಲೆರೊ ಬಾಡಿಗೆಗೆ ತರುತ್ತಾರೆ. ಯುಸಿಐ ಕಾನ್ವಾಯ್‌ನಲ್ಲಿ ಕಾರಿನ ಎತ್ತರ 1.66 ಮೀಟರ್ ದಾಟುವಂತಿಲ್ಲ. ಇನ್ನೋವಾ ಸುಮಾರು 1.8, ಬೊಲೆರೊ ಅದಕ್ಕೂ ಹೆಚ್ಚು. ಬಿದ್ದು ಎದ್ದ ಸವಾರ ಕಾರುಗಳ ಸಾಲಿನ ನಡುವೆ ನುಗ್ಗಿ ಗುಂಪು ಸೇರಬೇಕು. ಮುಂದಿನ ಕಾರಿನ ಮೇಲಿಂದ ಅವನಿಗೂ, ಹಿಂದಿನ ಡ್ರೈವರಿಗೂ ರಸ್ತೆ ಕಾಣಬೇಕು, ಅದಕ್ಕೇ ಈ ಮಿತಿ. ಡಿಸೈರ್, ಸಿಟಿಯಂಥ ಸೆಡಾನ್‌ಗಳೇ ಬೇಕು, ಮೇಲೆ ಸೈಕಲ್ ಸ್ಟ್ಯಾಂಡ್ ಕೂರಿಸಿದವು. ಮದುವೆ ಸೀಸನ್‌ನಲ್ಲಿ ಅಷ್ಟು ಸೆಡಾನ್ ದಾವಣಗೆರೆಯಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು. ಇಪ್ಪತ್ತು ತಂಡ ಬಂದರೆ ತಂಡದ ಕಾರು, ಕಮಿಸೇರ್‌ಗಳದು (ರೇಸಿನ ತೀರ್ಪುಗಾರರು), ಡಾಕ್ಟರದು, ಆಂಬುಲೆನ್ಸ್, ಮಾಧ್ಯಮ, ಪೊಲೀಸ್ ಬೈಕು ಸೇರಿ ಐವತ್ತು ಅರವತ್ತು ವಾಹನ ಆಗುತ್ತದೆ. ಡ್ರೈವರ್‌ಗೆ ಲೈಸೆನ್ಸ್ ಇದ್ದರೆ ಸಾಲದು, ಹಿಂದೆ ಸೈಕಲ್ ರೇಸಿನಲ್ಲಿ ಓಡಿದವರನ್ನೇ ಕೂರಿಸಬೇಕು. ಹಾರ್ನ್ ಬಳಸುವ ರೀತಿಯೇ ಬೇರೆ: ಚಿಕ್ಕದಾಗಿ ಎರಡು ಸಲ, ದಾಟುವ ಮುಂಚೆ.

ನ್ಯೂಟ್ರಲ್ ಸರ್ವಿಸ್, ಅಂದರೆ ಯಾವ ತಂಡದವರಿಗಾದರೂ ಚಕ್ರ ಬದಲಿಸಿಕೊಡುವ ವಾಹನ ಕನಿಷ್ಠ ಮೂರು ಇರಬೇಕು. ಅವುಗಳಲ್ಲಿ ಚಕ್ರ ಜೋಡಿಸುವುದು ನಮ್ಮ ದೇಶದಲ್ಲಿ ಸ್ವಲ್ಪ ಜಾಸ್ತಿ ತಲೆ ತಿನ್ನುತ್ತದೆ. ಹೊರಗಿನ ತಂಡಗಳೆಲ್ಲ ಡಿಸ್ಕ್ ಬ್ರೇಕ್, ಮುಂದೆ 100 ಮಿ.ಮೀ., ಹಿಂದೆ 142 ಮಿ.ಮೀ., 12 ಮಿ.ಮೀ. ಆಕ್ಸಲ್. ನಮ್ಮ ರಾಜ್ಯ ಮಟ್ಟದ ಹುಡುಗರಲ್ಲಿ ಇನ್ನೂ ರಿಮ್ ಬ್ರೇಕ್, ಹಿಂದೆ 130ರ ಹಬ್ ಇರುವವರಿದ್ದಾರೆ. ಡಿಸ್ಕಿನಲ್ಲೂ ರೋಟರ್ (ಬ್ರೇಕಿನ ತಟ್ಟೆ) 140, 160 ಮಿ.ಮೀ. ಎಂದು ಎರಡು ಬಗೆ; ತಪ್ಪಿದರೆ ಚಕ್ರ ಕೂತರೂ ಬ್ರೇಕ್ ಹಿಡಿಯುವುದಿಲ್ಲ, ಇಲ್ಲವೇ ಉಜ್ಜುತ್ತದೆ. ಹಿಂದಿನ ದಿನ ತಂಡಗಳ ಸಭೆಯಲ್ಲೇ ಯಾರದು ಯಾವ ಗೇರ್, ಯಾವ ರೋಟರ್ ಎಂದು ಬರೆದುಕೊಂಡು, ಚಕ್ರಕ್ಕೆ ಬಣ್ಣದ ಟೇಪ್ ಸುತ್ತಿಡುವುದು ವಾಸಿ. ರಸ್ತೆಯಲ್ಲಿ ಹುಡುಕಲು ಹೊತ್ತಿರುವುದಿಲ್ಲ.

ರಸ್ತೆ ಎಷ್ಟು ಹೊತ್ತು ಮುಚ್ಚಬೇಕು? ಎಸ್‌ಪಿ ಕಚೇರಿಯಲ್ಲಿ ಮೊದಲ ಪ್ರಶ್ನೆ ಇದೇ. 140 ಕಿ.ಮೀ.ಯನ್ನು 44ರ ಸರಾಸರಿಯಲ್ಲಿ ಬಂದರೆ 3 ಗಂಟೆ 11 ನಿಮಿಷ, 38ರಲ್ಲಿ ಬಂದರೆ 3 ಗಂಟೆ 41. ಅಂದರೆ ಚಿತ್ರದುರ್ಗದ ಅಂಚಿನಲ್ಲಿ ಮೊದಲಿಗ ಯಾವಾಗ ಬರುತ್ತಾನೆ ಎಂಬುದರಲ್ಲೇ ಅರ್ಧ ಗಂಟೆ ಅತ್ತಿತ್ತ. ಸಮಯದ ಮಿತಿಯನ್ನು ಗೆದ್ದವನ ಸಮಯದ ಮೇಲೆ 12 ಪ್ರತಿಶತ ಇಟ್ಟರೆ ಕೊನೆಯವನು ಇನ್ನೂ 23ರಿಂದ 26 ನಿಮಿಷದವರೆಗೆ ಹಿಂದಿರಬಹುದು. ಅದಕ್ಕೇ ಮೂರು ವೇಗದ ವೇಳಾಪಟ್ಟಿ ಅಚ್ಚು ಹಾಕಿಸುವುದು. ಸಂತೇಬೆನ್ನೂರಿನಂಥ ಮೊದಲರ್ಧದ ಊರಿಗೆ ಒಂದು ಗಂಟೆ ಸಾಕು, ದುರ್ಗಕ್ಕೆ ಎರಡು ಗಂಟೆ ಕೇಳಿ. ಬಸ್ ಡಿಪೊಗೂ ಇದೇ ಪಟ್ಟಿ ಕೊಡಬೇಕು. ಆಂಬುಲೆನ್ಸ್ ದಾಟಲು ಪ್ರತಿ ಅಡ್ಡರಸ್ತೆಯಲ್ಲಿ ಯಾರು ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ಹೆಸರು ಹಿಡಿದು ಬರೆದಿಡಿ.

ನೀರಿನ ಲೆಕ್ಕ ಸರಳ. ನೂರು ಜನ, ಮೂರೂವರೆ ಗಂಟೆ, ತಲೆಗೆ ಗಂಟೆಗೆ ಮುಕ್ಕಾಲು ಲೀಟರ್: 260 ಲೀಟರ್ ಚಿಲ್ಲರೆ, ಮುಕ್ಕಾಲು ಲೀಟರಿನ 350 ಬಾಟಲಿ. ಹಂಚುವ ಜಾಗ ಸ್ವಲ್ಪ ಏರಿನಲ್ಲಿ, ನೇರ ರಸ್ತೆಯಲ್ಲಿ ಇರಲಿ. ಕೊಡುವವರು ರಸ್ತೆಯ ಒಂದೇ ಬದಿ, ವಾಹನ ಓಡುವ ಬದಿ ನಿಲ್ಲಬೇಕೆಂಬ ನಿಯಮ, ನಮ್ಮಲ್ಲಿ ಎಡ.

ಫಿನಿಶ್ ಕೋಟೆ ಬಾಗಿಲಲ್ಲೇ ಇರಲಿ ಎಂದು ಆಸೆ ಪಡದವರಿಲ್ಲ. ಫೋಟೊಕ್ಕೆ ಒಳ್ಳೆಯದು, ಸ್ಪ್ರಿಂಟ್‌ಗೆ ಅಲ್ಲ: ಹಳೇ ಪೇಟೆಯ ಇಕ್ಕಟ್ಟು, ಕೊನೆಯಲ್ಲಿ ತಿರುವು, ಬಸ್ಸು ನಿಲ್ಲಲು ಜಾಗವಿಲ್ಲ. ಜೋಗಿಮಟ್ಟಿ ಏರು ಇನ್ನೂ ಆಕರ್ಷಕ, ಆದರೆ ಅದು ಅರಣ್ಯ, ರಸ್ತೆ ಕಿರಿದು, ಮೇಲೆ ಹೋದ ಕಾನ್ವಾಯ್ ತಿರುಗಿ ಇಳಿಯುವಂತಿಲ್ಲ. ಕೋಟೆಯ ಮುಂದೆ ಬಹುಮಾನ ಕೊಡಿ, ಗೆರೆಯನ್ನು ಅಗಲದ ನೇರ ರಸ್ತೆಯಲ್ಲಿ, ಚೂರು ಏರಿನಲ್ಲಿ ಎಳೆಯಿರಿ. ಇಳಿಜಾರಿನ ಫಿನಿಶ್ ಏನು ಮಾಡುತ್ತದೆ ಎಂಬುದನ್ನು 2020ರಲ್ಲಿ ಪೋಲೆಂಡ್ ಟೂರ್‌ನ ಕಟೊವಿಟ್ಸೆಯಲ್ಲಿ ಎಲ್ಲರೂ ನೋಡಿದ್ದಾರೆ; ಸುಮಾರು 80ರ ವೇಗದಲ್ಲಿ ಡಚ್ ಸವಾರ ಫ್ಯಾಬಿಯೊ ಯಾಕೊಬ್ಸೆನ್ ಬಡಿದಾಗ ಬ್ಯಾರಿಕೇಡ್‌ಗಳು ತರಗೆಲೆಯಾದವು.

ಗೆರೆಯ ಮೊದಲು 300 ಮೀಟರ್, ಆಮೇಲೆ 100 ಮೀಟರ್ ಬ್ಯಾರಿಕೇಡ್ ಕಡ್ಡಾಯ. ಎರಡೂ ಬದಿಗೆ 800 ಮೀಟರ್, ಎರಡೂವರೆ ಮೀಟರಿನದಾದರೆ 320 ತುಂಡು. ಪೊಲೀಸ್ ಬ್ಯಾರಿಕೇಡ್‌ನ ಕಾಲು ರಸ್ತೆಗೆ ಚಾಚಿರುತ್ತದೆ, ಪೆಡಲ್ ಸಿಕ್ಕುತ್ತದೆ. ಬೊಂಬು, ಹಗ್ಗವಂತೂ ಬೇಡವೇ ಬೇಡ. ಗೆರೆ 4 ಸೆಂ.ಮೀ. ಕಪ್ಪು, ಅದರ ಎರಡೂ ಕಡೆ 34 ಸೆಂ.ಮೀ. ಬಿಳಿ, ಒಟ್ಟು 72. ಸಾಮಾನ್ಯ ಆಯಿಲ್ ಪೇಂಟ್ ಬಳಿದರೆ ಇಬ್ಬನಿಗೂ ಜಾರುತ್ತದೆ, ರಸ್ತೆ ಬಣ್ಣಕ್ಕೆ ಮರಳು ಬೆರೆಸಿಯೇ ಹೊಡೆಸಿ. ಕೊನೆಯ 3 ಕಿ.ಮೀ. ಒಳಗೆ ಬಿದ್ದವನಿಗೆ ಅವನಿದ್ದ ಗುಂಪಿನ ಸಮಯವೇ ಸಿಗುತ್ತದೆ. ಆ 3 ಕಿ.ಮೀ. ಫಲಕವನ್ನು ಡಿವೈಡರ್ ಶುರುವಾಗುವ ಮೊದಲೇ ನೆಡುವಂತೆ ಫಿನಿಶ್ ಜಾಗ ಹಿಂದೆ ಮುಂದೆ ಸರಿಸಿಕೊಳ್ಳುವುದು ಲೇಸು.

ಡೋಪಿಂಗ್ ಪರೀಕ್ಷೆಗೆ ಗೆರೆಯಿಂದ ನಡೆದು ಹೋಗುವಷ್ಟು ಹತ್ತಿರ ಎರಡು ಕೋಣೆ, ಒಳಗೇ ಶೌಚಾಲಯ, ಬೀಗ ಹಾಕುವ ಫ್ರಿಜ್, ಸೀಲ್ ಬಿಚ್ಚದ ನೀರಿನ ಬಾಟಲಿ. ಶಾಲೆ ಕೋಣೆ ಸಾಕು, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಮಾತ್ರ ಹಿಂದಿನ ದಿನವೇ ತಿರುಗಿಸಿ ನೋಡಿ. 2.ಪ್ರೊಗೆ ಏರಿದರೆ ನೇರ ಪ್ರಸಾರದ ಲಾರಿಗಳಿಗೂ ಪಕ್ಕದಲ್ಲೇ ಮೈದಾನ, ಬೆಸ್ಕಾಂನಿಂದ ಪ್ರತ್ಯೇಕ ಲೈನ್, ಅದರ ಮೇಲೆ ಜನರೇಟರ್ ಬೇಕು.

ರೇಸ್ ದಾಟಿದ ಸಂಜೆಯೇ ಹಂಪಿನ ಗುತ್ತಿಗೆದಾರನನ್ನು ಸಂತೇಬೆನ್ನೂರಿನ ತುದಿಯಿಂದ ಶುರು ಹಚ್ಚಿಸುತ್ತೇವೆ, ಶಾಲೆ ಮುಂದಿನವು ಮೊದಲು. ಈ ಸಲ 3.7 ಮೀಟರಿನ ಅಳತೆಯಲ್ಲೇ ಹಾಕಿಸಿದರೆ ಮುಂದಿನ ವರ್ಷ ಅವನ್ನು ಕೀಳಬೇಕಾಗಿಲ್ಲ.